ಎಂಟು ಮೂರು, ಕೊನೆಗೊಂದು ಒಂದು

ಜಯನಗರದ ಕಾಲೇಜೊಂದರಲ್ಲಿ ಸಿದ್ದರಾಜು ಗಣಿತ ವಿಭಾಗದ ಅಟೆಂಡರ್. ಹತ್ತನೇ ತರಗತಿಗೆ ಓದು ನಿಂತಿತ್ತು, ಲೆಕ್ಕದ ಹುಚ್ಚು ನಿಂತಿರಲಿಲ್ಲ. ಒಮ್ಮೆ ಬೋರ್ಡ್ ಒರೆಸುವಾಗ 31, 331, 3331 ಕಂಡ. ಮೂರೂ ಅವಿಭಾಜ್ಯ, ಒಂದು ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆಗಳು. ಒಂದೊಂದೇ ಮೂರು ಸೇರಿಸುತ್ತ, ಕೈಯಲ್ಲೇ ಭಾಗಿಸುತ್ತ, ವರ್ಷದಲ್ಲಿ 33333331ರವರೆಗೆ ಬಂದ. ಒಂದೂ ಒಡೆಯಲಿಲ್ಲ. ಎಷ್ಟು ಮೂರು ಸೇರಿಸಿದರೂ ಒಡೆಯುವುದಿಲ್ಲವೆಂದು ಅವನಿಗೆ ಖಾತ್ರಿಯಾಯಿತು.

ವಿಭಾಗದ ಮುಖ್ಯಸ್ಥ ಪರಮಶಿವಯ್ಯನವರ ಮುಂದೆ ನೋಟ್‌ಬುಕ್ ಇಟ್ಟ.

"ಭೇಷ್ ಕಣೋ," ಎಂದರು ಅವರು. "ಮುಂದಿನದು 333333331. ಇದೂ ಅವಿಭಾಜ್ಯ ಅಂತ ತೋರಿಸು, ಕಾಲೇಜ್ ಮ್ಯಾಗಜೀನಲ್ಲಿ ನಿನ್ನ ಹೆಸರಲ್ಲೇ ಹಾಕಿಸ್ತೀನಿ. ಕ್ಯಾಲ್ಕುಲೇಟರ್ ಮುಟ್ಟಂಗಿಲ್ಲ. ಸಣ್ಣ ಸಂಖ್ಯೆಗಳನ್ನ ನಾನೇ ನೋಡಿದೀನಿ, ಯಾವುದ್ರಿಂದಲೂ ಹೋಗಲ್ಲ. ಇದರ ವರ್ಗಮೂಲ ಹದಿನೆಂಟು ಸಾವಿರದ ಹತ್ರ, ಅದರ ಮೇಲಿನವು ಬೇಕಿಲ್ಲ. ನೀನು ಅಲ್ಲಿಂದ ಶುರು ಮಾಡಿ ಇಳ್ಕೊಂಡು ಬಾ."

ಎರಡು ಸಾವಿರಕ್ಕೂ ಹೆಚ್ಚು ಭಾಗಾಕಾರ. ತಿಲಕ್ ನಗರದ ಒಂದೇ ಕೋಣೆಯ ಮನೆಯಲ್ಲಿ, ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದ ಹೆಂಡತಿ ಯಲ್ಲಮ್ಮ ಅವಿಭಾಜ್ಯಗಳ ಪಟ್ಟಿಯ ಮೇಲೆ ಬೆರಳಿಟ್ಟು ಅಂಕಿ ಓದುವಳು, ಅವನು ಭಾಗಿಸುವನು. ಏಳು ತಿಂಗಳು ಹೀಗೇ ಕಳೆಯಿತು. ನೂರರ ಕೆಳಗೆ ಬಂದಾಗ, "ಸಣ್ಣವು ಸಾರ್ ನೋಡಿದಾರಲ್ಲ, ಬಿಡಿ," ಎಂದಳು.

"ಇಷ್ಟು ದೂರ ಬಂದಿದೀವಿ, ಮುಗಿಸೇಬಿಡಾಣ."

ಹದಿನೇಳಕ್ಕೆ ಶೇಷ ಸೊನ್ನೆ ಬಂತು. ಮೂರು ಸಲ ಮಾಡಿದ. ಸೊನ್ನೆಯೇ. ತನ್ನ ಸಂಖ್ಯೆ ಒಡೆದುದಕ್ಕಿಂತ, ಸಾರ್ ತಪ್ಪಿದ್ದಾರಲ್ಲ ಎಂಬುದಕ್ಕೇ ಅವನಿಗೆ ಹೆಚ್ಚು ಸಂಕಟವಾಯಿತು.

ಮರುದಿನ ಮಧ್ಯಾಹ್ನ ಸ್ಟಾಫ್ ರೂಮ್ ಖಾಲಿಯಾಗುವವರೆಗೆ ಕಾದು, ಒಳಗೆ ಬಂದು ಬಾಗಿಲು ಮುಚ್ಚಿದ.

"ಬೇರೆಯವರ ಮುಂದೆ ಬೇಡ ಅಂತ ಈಗ ಬಂದೆ ಸಾರ್. ಹದಿನೇಳು ನಿಮ್ ಕಣ್ ತಪ್ಪಿದೆ. ನಾನ್ ಯಾರಿಗೂ ಹೇಳಲ್ಲ."

ಪರಮಶಿವಯ್ಯ ಎದ್ದು ಬಾಗಿಲು ತೆರೆದರು. "ಶಾಲಿನಿ ಮೇಡಂ, ಎಲ್ರೂ ಬನ್ನಿ! ನಮ್ ಸಿದ್ದರಾಜುಗೆ ಹದಿನೇಳು ಸಿಕ್ತು!"

ಲೆಕ್ಚರರ್‌ಗಳೆಲ್ಲ ಬಂದು ನಕ್ಕರು. ಅದು ಹದಿನೇಳರಿಂದ ಒಡೆಯುತ್ತದೆಂದು ಅವರಿಗೆಲ್ಲ ಮೊದಲಿಂದಲೂ ಗೊತ್ತಿತ್ತು. "ಎಲ್ಲಿಗೆ ಬಂತು ಸಿದ್ದರಾಜು?" ಎಂದು ದಿನಾ ಕೇಳುತ್ತಿದ್ದುದು ಅದಕ್ಕೇ. ಶಾಲಿನಿ, "ಟೂ ಮಚ್ ಸಾರ್, ಪಾಪ," ಎಂದು ಕಣ್ಣೊರೆಸಿಕೊಂಡು ಮತ್ತೆ ನಕ್ಕರು.

"ಮೊದಲೇ ಹೇಳ್ಬೋದಿತ್ತಲ್ಲ ಸಾರ್."

"ಹೇಳಿದ್ರೆ ನೀನು ಕಲೀತಿದ್ಯಾ? ಹೋಗು, ರೂಮ್ ನಾಲ್ಕಕ್ಕೆ ಡಸ್ಟರ್ ಕೊಡು."

ಕೊಟ್ಟ.

ಸಂಜೆ ಅವನ ಮುಖ ನೋಡಿ ಯಲ್ಲಮ್ಮ ಹೆದರಿದಳು. "ನಾನೇನಾದ್ರೂ ತಪ್ಪು ಓದ್ಬಿಟ್ನಾ?"

ಇಲ್ಲ ಎನ್ನಬಹುದಿತ್ತು. "ಹೂಂ, ನೀನೇ," ಎಂದ. "ನಿನ್ನ ಕೂರಿಸ್ಕೊಂಡಿದ್ದೇ ನನ್ ತಪ್ಪು. ಎಲ್ಲಾ ಹಾಳಾಯ್ತು."

ಅವಳು ಅಳಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ರಜೆ ಹಾಕಿ, ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟು, ಅವನ ಹಿಂದೆಯೇ ಕಾಲೇಜಿಗೆ ಬಂದಳು. ಅವನು ಬೇಡವೆನ್ನಲಿಲ್ಲ. ಸ್ಟಾಫ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕೈಮುಗಿದಳು.

"ತಪ್ಪು ಓದಿದ್ದು ನಾನು ಸಾರ್. ಅವರ ಮೇಲೆ ಕೋಪ ಮಾಡ್ಕೋಬೇಡಿ."

ಪರಮಶಿವಯ್ಯ ಶಾಲಿನಿಯ ಕಡೆ ನೋಡಿ, "ಹೌದೇನಮ್ಮ? ಹಾಗಾದ್ರೆ ಇನ್ನೊಂದ್ಸಲ ಓದ್ಬಿಡು, ಹದಿನೆಂಟು ಸಾವಿರದಿಂದ," ಎಂದರು.

ಕಾರಿಡಾರಿನಲ್ಲಿ ಜಗ್‌ಗೆ ನೀರು ಹಿಡಿಯುತ್ತಿದ್ದ ಸಿದ್ದರಾಜುವಿಗೆ ಅದು ಕೇಳಿಸಿತು. ಅವನು ಒಳಗೆ ಹೋಗಲಿಲ್ಲ.