ಕೋಣದ ಹಟ್ಟಿಯ ನೊಣ

ಕುಂದಾಪುರದ ಕಾಲೇಜೊಂದರ ಮ್ಯೂಸಿಯಮ್ಮಿನಲ್ಲಿ ಗಿರಿಜಾ ಕೀಟಗಳ ಫೋಟೊ ತೆಗೆಯುತ್ತಿದ್ದಳು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳಾದರೂ ಕೈ ನಡುಗದು ಎಂದು, ಕೀಟಗಳ ಪಟ್ಟಿ ಮಾಡಿಸುತ್ತಿದ್ದ ಚೇತನಾ ಮೇಡಂ ಅವಳನ್ನೇ ಆರಿಸಿದ್ದರು. ಕೀಟ ಚುಚ್ಚಿಟ್ಟ ಸೂಜಿಯಿಂದ ಚೀಟಿ ಬಿಡಿಸಿ ಮೊದಲು ಅದರ ಫೋಟೊ, ಕೀಟದ್ದು ಆಮೇಲೆ. ಒತ್ತಿದ ಕೂಡಲೇ ಚಿತ್ರ ಉಡುಪಿಯಲ್ಲಿರುವ ಮೇಡಂ ಕಂಪ್ಯೂಟರಿಗೆ ಹೋಗುತ್ತಿತ್ತು.

ಅಂದು ಎದುರಿಗಿದ್ದದ್ದು ದನ, ಕೋಣಗಳ ರಕ್ತ ಹೀರುವ ದೊಡ್ಡ ನೊಣ. ಹದಿನೈದು ವರ್ಷ ಒಣಗಿದ್ದರೂ ಹೊಟ್ಟೆ ಕಪ್ಪಗೆ ಉಬ್ಬಿತ್ತು. ಚೀಟಿಯ ಫೋಟೊ ತೆಗೆದ ಮೇಲೆ ಅವಳು ಅದನ್ನು ಓದಿದಳು.

‘ಬೈಂದೂರು, ಭೋಜರಾಜರ ಕೋಣದ ಹಟ್ಟಿ. 12-5-2009, ಬೆಳಿಗ್ಗೆ ಎಂಟು. ಹಿಡಿದವರು: ಕುಷ್ಟ.’

ಕುಷ್ಟ ಅವಳ ಅಪ್ಪ. ಆ ಹಟ್ಟಿಯಲ್ಲಿ ಕೋಣ ನೋಡಿಕೊಳ್ಳುತ್ತಿದ್ದವನು. ಹಿಡಿದ ನೊಣವನ್ನು ಬಾಟಲಿಗೆ ಹಾಕಿ, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಾಲೇಜಿನ ಮೇಷ್ಟ್ರಿಗೆ ಕಳಿಸುತ್ತಿದ್ದ; ಬಂದ ದಿನವೇ ಮೇಷ್ಟ್ರು ಚೀಟಿ ಬರೆದಿಡುತ್ತಿದ್ದರು. ಅದೇ ದಿನ ಸಂಜೆ ಹೊಳೆಯಲ್ಲಿ ಅವನ ಹೆಣ ಸಿಕ್ಕಿತು. ಪಕ್ಕೆಲುಬು ಮುರಿದಿತ್ತು, ಬೆನ್ನ ತುಂಬ ಬಾರುಕೋಲಿನ ಬಾಸುಂಡೆ. ಅವನು ಅಂದು ಹಟ್ಟಿಗೆ ಬಂದೇ ಇಲ್ಲ, ಕುಡಿದು ಬಿದ್ದಿರಬೇಕು ಎಂದ ಭೋಜರಾಜನ ಮಾತನ್ನೇ ಎಲ್ಲರೂ ನಂಬಿದರು.

“ಎಂತ ಹೆಣ್ಣೆ, ನೊಣಕ್ಕೆ ಮದ್ವಿ ಫೋಟೊ ತೆಗುಕ್ ಹೊರ್ಟಿದ್ಯಾ?” ನಗುತ್ತ ಬಂದವನು ಮ್ಯೂಸಿಯಮ್ಮಿನ ಉಸ್ತುವಾರಿ ಯತೀಶ್, ಭೋಜರಾಜನ ಮಗ. ಬಗ್ಗಿ ಚೀಟಿ ಓದಿದ. ನಗು ಆರಿತು.

“ಇತ್ಲಾಗ್ ಕೊಡ್ ಅದನ್ನ.”

“ನನ್ನಪ್ಪಯ್ಯ ಅವತ್ತ್ ನಿಮ್ ಹಟ್ಟಿಲೇ ಇದ್ದಿದ್ದ.”

“ಬಾಯ್ ಮುಚ್ಚ್! ಅವ ಬಂದದ್ದೇ ಇಲ್ಲ.”

“ಹಂಗಾರೆ ಈ ನೊಣ ಹಿಡ್ದದ್ದ್ ಯಾರ್?”

ಯತೀಶ್ ಚೀಟಿ ಕಸಿದು ಬಾಯಿಗೆ ಹಾಕಿ ಅಗಿದ. ನೊಣವನ್ನು ಮುಷ್ಟಿಯಲ್ಲಿ ಕಿತ್ತು ಹಿಸುಕಿದ. ಸೂಜಿ ಅಂಗೈಗೆ ನುಗ್ಗಿ ಹಿಂಗೈಯಲ್ಲಿ ಹೊರಬಿತ್ತು. ಅರಚುತ್ತ ಅವಳ ಜಡೆ ಹಿಡಿದು, ಮುಖವನ್ನು ಗಾಜಿನ ಪೆಟ್ಟಿಗೆಗೆ ಬಡಿದ. ಒಮ್ಮೆ. ಮತ್ತೊಮ್ಮೆ. ಗಾಜು ಒಡೆದು ಹುಬ್ಬು ಸೀಳಿತು. ಬಿದ್ದವಳ ಪಕ್ಕೆಗೆ ಒದ್ದ.

“ಈಗ್ ತೋರ್ಸ್! ಎಲ್ಲಿತ್ತ್ ನಿನ್ನಪ್ಪಯ್ಯನ ಚೀಟಿ?”

ಕೈ ತೊಳೆಯಲು ಅವನು ಹೊರಗಿನ ನಲ್ಲಿಯ ಕಡೆ ಹೋದ. ಗಿರಿಜಾ ತೆವಳಿ ಬಾಗಿಲಿನ ಚಿಲಕ ಹಾಕಿದಳು, ಮೇಜು ಹಿಡಿದು ಎದ್ದಳು. ಹುಬ್ಬಿನ ರಕ್ತ ಕೀಲಿಮಣೆಯ ಮೇಲೆ ತೊಟ್ಟಿಕ್ಕುತ್ತಿರುವಾಗಲೇ ಕಂಪ್ಯೂಟರಿನ ಪಟ್ಟಿಯಲ್ಲಿ ಒಂದೊಂದೇ ಅಕ್ಷರ ಒತ್ತಿದಳು. ಹಿಡಿದವರು: ಕುಷ್ಟ. ಸ್ಥಿತಿ: ಜಜ್ಜಿದೆ. ಜಜ್ಜಿದವರ ಹೆಸರಿಗೆ ಕಾಲಂ ಇರಲಿಲ್ಲ, ಆದರೂ ಪಕ್ಕದಲ್ಲೇ ಸೇರಿಸಿದಳು: ಜಜ್ಜಿದವರು ಭೋಜರಾಜರ ಮಗ ಯತೀಶ್.

ಹೊರಗಿನಿಂದ ಬಾಗಿಲಿಗೆ ಒದೆ ಬೀಳತೊಡಗಿತು. ಚಿಲಕದ ಒಂದು ಮೊಳೆ ಕಿತ್ತು ಬಂತು. ಅವಳು ಫೋನ್ ಕಿವಿಗೆ ಹಿಡಿದಳು.

“ಮೇಡಂ, ನಿಮಗ್ ಬಂದ ಚೀಟಿ ಫೋಟೊ ಕಾಣಿ. ಪೊಲೀಸ್ರಿಗೂ ತೋರ್ಸಿ. ನನ್ನಪ್ಪಯ್ಯ ಅವತ್ತ್ ಅಲ್ಲೇ ಇದ್ದಿದ್ದ.”