ಬಸ್ಸು ಬೇಡ

ಮತ್ತೊಂದು ಎಲೆ ಹಳದಿ, ನಿನ್ನೆ ಹಸಿರಿತ್ತಲ್ಲ, ಇತ್ತೇ, ಬೆಳಿಗ್ಗೆ ಅಂಗಡಿಗೆ ಓಡುವ ಗಡಿಬಿಡಿಯಲ್ಲಿ ಕಣ್ಣಿಗೆ ಬೀಳಲಿಲ್ಲವೋ ಏನೋ, ಕಂಡಕಂಡವರ ಮೂಗಿನ ಮೇಲೆ ಕನ್ನಡಕ ಕೂರಿಸುವವನಿಗೆ ತನ್ನ ಮನೆಯ ಹಾಲಿನಲ್ಲಿರುವ ಮನಿಪ್ಲಾಂಟ್ ಕಾಣುವುದಿಲ್ಲವೆಂದರೆ — ಬೀಗದಕೈ ಇನ್ನೂ ಬೆರಳಲ್ಲೇ ತೂಗುತ್ತಿತ್ತು, ಊಟಕ್ಕೆಂದು ಬಂದವನು ಚಪ್ಪಲಿಯನ್ನೂ ಕಳಚದೆ ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟ, ಮುಟ್ಟಿದ್ದೇ ತಡ ಎಲೆ ಕೈಗೇ ಬಂತು, ಒಣಗಿ ಗರಿಗರಿಯಾಗಿಲ್ಲ, ನೆನೆದ ಕಾಗದದ ಹಾಗೆ ಮೆತ್ತಗಿದೆ, ಮಣ್ಣಿನ ಮೇಲೆ ಸಾಸಿವೆಯಷ್ಟು ಸಣ್ಣ ಕರಿನೊಣಗಳು ಎದ್ದು ಕೂತು ಮಾಡುತ್ತಿವೆ, ಬಳ್ಳಿಯೆಲ್ಲ ತಲೆ ಕೆಳಗೆ ಹಾಕಿದೆ, ಪಾಪ, ಬಾಯಾರಿಕೆ, ಬೇರೇನು, ನೀರು ತರಬೇಕು. ಕಿಟಕಿ ಪಕ್ಕದ ಕುರ್ಚಿಯಿಂದ ಅತ್ತೆ ಅವನ ಬೆನ್ನನ್ನೇ ನೋಡುತ್ತಿರುವುದು ತಿರುಗದೆಯೂ ಗೊತ್ತಾಗುತ್ತಿತ್ತು.

ಹೆಂಡತಿಯ ತಾಯಿ. ಈ ಗಿಡವನ್ನು ಮಡಿಲಲ್ಲಿಟ್ಟುಕೊಂಡೇ ಈ ಮನೆಗೆ ಬಂದವರು, ಆಸ್ಪತ್ರೆಯಿಂದ ಬಿಡಿಸಿಕೊಂಡು ಬರುವಾಗ ದಾರಿಯಲ್ಲಿ ತಮ್ಮ ಮನೆಯ ಮುಂದೆ ಕಾರು ನಿಲ್ಲಿಸುವಂತೆ ಮಾಡಿ, ಎಡಗೈ ತೋರಿಸಿ, ಅದಿಲ್ಲದೆ ಬರುವುದಿಲ್ಲವೆಂದು ಹಟ ಹಿಡಿದು, ಆಗ ಅಲ್ಲಿ ಗೋಡೆಯ ಮೊಳೆಯಿಂದ ಮೊಳೆಗೆ ಹಬ್ಬಿ ಹಾಲಿಗೆಲ್ಲ ಒಂದು ಸುತ್ತು ಹಾಕಿತ್ತು ಬಳ್ಳಿ, ಕತ್ತರಿಸಿ ಸುರುಳಿ ಸುತ್ತಿ ತಂದದ್ದು ಅವನೇ. ಸ್ಟ್ರೋಕ್ ಬಲಗೈಯನ್ನು ತೆಗೆದುಕೊಂಡಿತು, ಹೋಗಲಿ, ಮಾತನ್ನು ಕಲಸಿಬಿಟ್ಟಿತು, ಅದೂ ಯಾರ ಮಾತನ್ನು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಆ ಊರಿನ ದನಿಯನ್ನು ಈ ಊರಿಗೆ ಕೂಡಿಸಿ ಕೊಡುತ್ತಿದ್ದ ಹೆಂಗಸಿನ ಮಾತನ್ನು — ಈಗ ದಿಂಬು ಬೇಕಾದರೆ ಛತ್ರಿ ಅನ್ನುತ್ತಾರೆ, ಮಗಳನ್ನು ಕರೆಯಲು ಹೋಗಿ ಗುರುವಾರ ಅನ್ನುತ್ತಾರೆ, ಅಮ್ಮಾ ನಾನು ಗುರುವಾರ ಅಲ್ಲಮ್ಮ ಎಂದು ಅವಳು ಮೊದಮೊದಲು ಅಡುಗೆಮನೆಗೆ ಹೋಗಿ ಅಳುತ್ತಿದ್ದಳು, ಈಗ ಬಂದೆ ಅನ್ನುತ್ತಾಳೆ. ಉಳಿದದ್ದು ಒಂದೇ ಹೆಸರು, ಅವನ ಅಡ್ಡಹೆಸರು, ಹೆಣ್ಣು ನೋಡಲು ಹೋದ ದಿನವೇ ಅವನ ದಪ್ಪ ಕನ್ನಡಕ ಕಂಡು ಅತ್ತೆ ಒಳಗೆ ಯಾರಿಗೋ ಪಿಸುಗುಟ್ಟಿದ್ದು, ಅವನಿಗೆ ಕೇಳಿಸಿದ್ದು, ಗಾಜಪ್ಪ. ಇಡೀ ನಿಘಂಟು ಕೊಚ್ಚಿಹೋದರೂ ಅದೊಂದು ಮಾತ್ರ ಬಂಡೆಯ ಹಾಗೆ ನಿಂತಿದೆ, ನೋಡಿ ಇವರ ಪ್ರೀತಿ.

ಗಾಜಪ್ಪ, ಬಸ್ಸು ಬೇಡ.

ಶುರುವಾಯಿತು, ಅಡುಗೆಮನೆಯಿಂದ ತುಂಬಿದ ಜಗ್ಗು ಹಿಡಿದು ಬಂದವನಿಗೆ ಗೊತ್ತು ಈ ಬಸ್ಸು ಯಾವುದೆಂದು, ಹೆಂಡತಿ ಮತ್ತು ಅವಳ ತಂಗಿ ಇಬ್ಬರೂ ಫೋನಿನಲ್ಲಿ ಮೆಲ್ಲಗೆ ಮಾತಾಡಿಕೊಂಡದ್ದು, ಮೂರು ತಿಂಗಳು ನಿನ್ನ ಹತ್ರ ಇರ್ಲಿ ಮೂರು ತಿಂಗಳು ನನ್ನ ಹತ್ರ, ಮೆಲ್ಲಗೆಂದರೆ ಎಷ್ಟು ಮೆಲ್ಲಗೆ, ಜೀವನವಿಡೀ ಕಿವಿಯಿಂದಲೇ ದುಡಿದವರ ಹತ್ತಿರ — ಕೇಳಿಸಿಕೊಂಡಿದ್ದಾರೆ, ಕಿರಿಯ ಮಗಳ ಊರಿನ ಬಸ್ಸು ಹತ್ತಿಸುತ್ತಾರೆಂಬ ಭಯ, ಅದಕ್ಕೇ ಹೀಗೆ, ದಿನಾ ಹೀಗೆ. ಅವನು ಜಗ್ಗು ಓರೆ ಮಾಡುತ್ತಲೇ ಎಂದಿನ ಮಾತು ಹೇಳಿದ, ಯಾರೂ ನಿಮ್ಮನ್ನ ಬಸ್ಸು ಹತ್ತಿಸಲ್ಲ ಅತ್ತೆ, ಇದು ನಿಮ್ಮನೇನೇ, ನೀವು ಹೋದ್ರೆ ನಂಗೇ ಬೇಜಾರು, ನಿಜ ಹೇಳ್ತಿದ್ದೀನಿ. ಮೊದಲ ಸಲ ಹೇಳುವಾಗ ಕಿವಿ ಬಿಸಿಯಾಗಿತ್ತು, ಮದುವೆಯಾದಾಗಿನಿಂದ ಅತ್ತೆ ಅಳಿಯನ ನಡುವೆ ಊಟ ಆಯ್ತಾ, ಹೂಂ ಆಯ್ತು, ಇಷ್ಟೇ ವ್ಯವಹಾರ, ಈಗ ಹೇಳಿ ಹೇಳಿ ಅಭ್ಯಾಸವಾಗಿದೆ, ಅಭ್ಯಾಸವಾಗುತ್ತ ನಿಜವೂ ಆಗಿದೆ, ಅಂಗಡಿಯಲ್ಲಿ ಕೂತಾಗ ಮಧ್ಯಾಹ್ನವಾಗುವುದನ್ನು ಕಾಯುತ್ತಾನೆ, ಲೆನ್ಸ್ ಒರೆಸುವ ಮೆತ್ತನೆಯ ಬಟ್ಟೆ ತಂದು ಅವರೆದುರಿಗೆ ಒಂದೊಂದೇ ಎಲೆಯ ಧೂಳು ಒರೆಸುತ್ತಾನೆ, ಅವರಿಗೆಂದು ಹಳೆ ಡಬ್ಬ ಎಸೆದು ನೀಲಿ ಪಿಂಗಾಣಿ ಕುಂಡ ಕೊಂಡುತಂದವನೂ ಅವನೇ, ದಿನಾ ನೀರು ಹಾಕುವವನೂ ಅವನೇ, ಇಷ್ಟು ಮಾಡಿದರೂ —

ಅತ್ತೆ ಎಡಗೈಯಿಂದ ಹಣೆ ಚಚ್ಚಿಕೊಂಡರು. ಚಚ್ಚಿಕೊಂಡ ರಭಸಕ್ಕೆ ಕೆಮ್ಮು ಬಂತು, ಬಂದದ್ದು ನಿಲ್ಲಲಿಲ್ಲ, ಮುಖ ಕೆಂಪಾಯಿತು, ಬೆರಳು ಜಗ್ಗಿನ ಕಡೆ ಚಾಚಿತು, ಬಸ್ಸು, ಬಸ್ಸು, ಅವನು ಲೋಟಕ್ಕೆ ಬಗ್ಗಿಸಿ ತುಟಿಗೆ ಹಿಡಿದ, ಗಟಗಟ ಕುಡಿದರು, ಉಸಿರು ಬಿಟ್ಟರು, ಖಾಲಿ ಲೋಟ ಅವನ ಮುಂದೆ ಹಿಡಿದರು, ಇನ್ನೊಂದು ಬಸ್ಸು ಅಂದರು.

ಅಯ್ಯೋ ದೇವರೇ. ಬಸ್ಸು ಅಂದರೆ ನೀರು. ನೀರು ಬೇಡ ಅಂತಿದ್ದರು, ಇಷ್ಟು ದಿನವೂ, ಜಗ್ಗು ಕಂಡಾಗಲೆಲ್ಲ, ಗಿಡಕ್ಕೆ ನೀರು ಬೇಡ ಗಾಜಪ್ಪ, ಮುಳುಗಿಸ್ತಿದ್ದೀಯ ಗಾಜಪ್ಪ, ಇವನು ಮಾತ್ರ ಕಣ್ಣಲ್ಲಿ ನೀರು ತುಂಬಿಕೊಂಡು ಇದು ನಿಮ್ಮನೇನೇ ಅಂತ ಭಾಷಣ ಮಾಡುತ್ತ ಮಾಡುತ್ತ ಜಗ್ಗುಗಟ್ಟಲೆ ಸುರಿದಿದ್ದಾನೆ, ಬಾಯಾರಿದಾಗ ಬಾಡುವ ಹಾಗೆಯೇ ನೀರು ಹೆಚ್ಚಾದರೂ ಬಾಡುತ್ತದೆಂದು ಇವನಿಗೆ ಹೊಳೆಯಲೇ ಇಲ್ಲ. ನಗು ಎಲ್ಲಿಂದಲೋ ಉಕ್ಕಿತು, ತಡೆಯಲಾಗದೆ ನೆಲದ ಮೇಲೇ ಕೂತು ನಕ್ಕ, ಅತ್ತೆಯ ಅರ್ಧ ಬಾಯಿ ನಕ್ಕಿತು, ಇನ್ನರ್ಧ ಅದರ ಹಿಂದೆ ತಡವಾಗಿ ಬಂತು. ನಗು ನಿಂತಮೇಲೆ ಒಂದು ಯೋಚನೆ ಬಂತು, ಹಾಗಾದರೆ — ಅವರ ಬಾಯಿಂದ ಬರುವ ಮಾತು ಮಾತ್ರ ಕಲಸಿದೆ, ಅರ್ಥವಾಗುವುದಕ್ಕೆ ಏನೂ ಆಗಿಲ್ಲ, ಡಾಕ್ಟರೇ ಹೇಳಿದ್ದಾರೆ, ಹಾಗಾದರೆ ಅವನು ಹೇಳಿದ್ದೆಲ್ಲ ಅವರಿಗೆ ಪೂರ್ತಿ ಕೇಳಿಸಿದೆ, ನೀವು ಹೋದರೆ ನನಗೇ ಬೇಜಾರು ಅಂದದ್ದೂ. ಅತ್ತೆ, ನಾನು ತಪ್ಪು ತಿಳ್ಕೊಂಡಿದ್ದೀನಿ ಅಂತ ನಿಮಗೆ ಗೊತ್ತಿತ್ತು ಅಲ್ವಾ? ಅತ್ತೆ ಸಿಕ್ಕಿಬಿದ್ದ ಮಗುವಿನ ಹಾಗೆ ಕಿಟಕಿಯ ಆಚೆ ನೋಡಿದರು. ಕೇಳೋಕೆ ಚೆನ್ನಾಗಿತ್ತು ಅಂತ ಸುಮ್ನಿದ್ರಾ? ಮುಖ ಆ ಕಡೆ, ಕಿವಿ ಮಾತ್ರ ಈ ಕಡೆಗೇ ಇದೆ. ಅವನು ಕನ್ನಡಕ ತೆಗೆದು ಒರೆಸಿಕೊಂಡ, ಮಂಜಾಗಿತ್ತು. ಬಸ್ಸಿನ ಮಾತು ಬಿಡಿ ಅತ್ತೆ, ಇದು ನಿಮ್ಮನೇನೇ ಅಂದ ಮಾತು ಹಾಗೇ ಇರುತ್ತೆ.

ಊಟ ಆಮೇಲೆ. ಹಳೆಯ ಪೇಪರು ಹಾಸಿ ಕುಂಡ ಮಗುಚಿದ, ಕೊಳೆತ ವಾಸನೆ ಗಪ್ಪೆಂದು ಬಡಿಯಿತು, ನೀಲಿ ಕುಂಡದ ತಳ ತಿರುಗಿಸಿ ನೋಡಿದರೆ ಒಂದು ತೂತೂ ಇಲ್ಲ, ಅಂದಕ್ಕೆ ಮರುಳಾಗಿ ಬಾವಿ ತಂದಿಟ್ಟಿದ್ದಾನೆ, ನೀರು ಪಾಪ ಎಲ್ಲಿಗೆ ಹೋಗಬೇಕು, ಬೇರುಗಳು ಕಪ್ಪಗೆ, ಹಿಡಿದೆಳೆದರೆ ಸಿಪ್ಪೆ ಜಾರಿ ಕೈಯಲ್ಲಿ ದಾರ ಉಳಿಯುತ್ತದೆ, ಮುಗಿಯಿತೇ, ಅವರ ಮನೆಯಿಂದ ಬಂದದ್ದು ಇದೊಂದೇ, ಅದನ್ನೂ ಕೈಯಾರೆ — ಅಷ್ಟರಲ್ಲಿ ಮಧ್ಯದಲ್ಲಿ ಬಿಳಿ ಬೇರಿನ ಒಂದು ಗೊಂಚಲು, ಗಟ್ಟಿ, ಬದುಕಿದೆ. ಕೊಳೆತದ್ದನ್ನೆಲ್ಲ ಕತ್ತರಿಸಿ, ತೊಳೆದು, ತೂತಿರುವ ಹಳೆಯ ಮಣ್ಣಿನ ಕುಂಡಕ್ಕೆ ಹೊಸ ಮಣ್ಣು ತುಂಬಿ ನೆಟ್ಟ. ಉಳಿದ ಬಳ್ಳಿಯನ್ನು ತುಂಡು ಮಾಡಿ ಬಾಟಲಿಯ ನೀರಿಗೆ ಹಾಕೋಣವೆಂದು ಕತ್ತರಿ ಇಟ್ಟ ಜಾಗ ನೋಡಿ ಅತ್ತೆ ಅಲ್ಲವೆಂದು ತಲೆ ಅಲ್ಲಾಡಿಸಿದರು, ಕುರ್ಚಿಯಿಂದ ಬಗ್ಗಿ ದಂಟಿನ ಮೇಲೆ ಬೆರಳು ಜಾರಿಸಿ, ಎಲೆ ಹೊರಟಲ್ಲಿ ಕಂದು ಮೊಳೆಯಂತೆ ಉಬ್ಬಿದ ಗಂಟಿನ ಹತ್ತಿರ ನಿಲ್ಲಿಸಿದರು, ಬಾಗಿಲು ಅಂದರು. ಗಂಟು ಅನ್ನಲು ಹೋಗಿ ಬಂದದ್ದೋ, ಅಥವಾ ಬೇರು ಹೊರಗೆ ಬರುವುದು ಅಲ್ಲಿಂದಲೇ ತಾನೇ, ಬೇಕೆಂದೇ ಅಂದದ್ದೋ, ಅವನು ಕೇಳಲಿಲ್ಲ, ಸರಿ ಅತ್ತೆ, ಬಾಗಿಲ ಕೆಳಗೆ ಕತ್ತರಿಸ್ತೀನಿ ಅಂದ, ಕತ್ತರಿಸಿದ, ಕಿಟಕಿಯ ಬಿಸಿಲು ನೇರ ಬೀಳದ ಕಡೆ ಬಾಟಲಿ ಇಟ್ಟ, ಅಂಗಡಿಯನ್ನು ಮರೆತೇಬಿಟ್ಟ.

ಏನ್ರೀ ಇದು, ಮನೆ ತುಂಬ ಮಣ್ಣು, ಊಟಾನೂ ಮಾಡಿಲ್ಲ ಇಬ್ರೂ — ಸಂಜೆ ಶಾಲೆಯಿಂದ ಬಂದ ಹೆಂಡತಿ ಬಾಗಿಲಲ್ಲೇ ಬ್ಯಾಗು ಇಳಿಸಿದಳು, ಬೇರೆ ಕುಂಡ ನೋಡಿದಳು, ಬಾಡಿದ ಎಲೆ ನೋಡಿ ಅಯ್ಯೋ ಪಾಪ ಅಂದಳು, ನೇರ ಹೋಗಿ ಜಗ್ಗು ಎತ್ತಿಕೊಂಡಳು. ಬಸ್ಸು ಬೇಡ! ಇಬ್ಬರೂ ಒಟ್ಟಿಗೆ ಕೂಗಿದರು, ಅತ್ತೆ ಕುರ್ಚಿಯಿಂದ, ಅವನು ನೆಲದಿಂದ, ಅವಳ ಮುಖದ ಬಣ್ಣ ಇಳಿಯಿತು, ಇಲ್ಲಮ್ಮ, ನಿನ್ನನ್ನ ಎಲ್ಲಿಗೂ ಕಳಿಸಲ್ಲಮ್ಮ, ತಂಗಿಗೆ ನಾನೇ ಹೇಳ್ತೀನಿ, ಎನ್ನುತ್ತ ಅಳಲು ಶುರುಮಾಡಿದಳು, ಅವನು ಹೇಳಬೇಕು, ಬಸ್ಸು ಅಂದರೆ ನೀರು ಕಣೇ ಅಂತ ಹೇಳಬೇಕು, ಬಾಯಿ ತೆರೆದ, ಅತ್ತೆ ಅವನ ಕಡೆ ತಿರುಗಿ ಒಮ್ಮೆ ನೋಡಿದರು, ತಡಿ ಗಾಜಪ್ಪ ಅನ್ನುವ ನೋಟ, ಅವಳು ಹೇಳಿ ಮುಗಿಸಲಿ, ಮಗಳ ಬಾಯಲ್ಲೂ ಒಮ್ಮೆ ಕೇಳಿಸಿಕೊಳ್ಳುತ್ತೇನೆ — ಅವನು ಬಾಯಿ ಮುಚ್ಚಿಕೊಂಡ. ಅಳುತ್ತಿರುವ ಮಗಳ ಎದುರು ಅತ್ತೆ ಎಡಗೈಯ ಬೆರಳನ್ನು ಕುಂಡದ ಮಣ್ಣಿಗೆ ಊರಿದರು, ಗೆಣ್ಣು ಮುಳುಗುವವರೆಗೆ, ತೆಗೆದು ಅವಳ ಕಣ್ಣ ಮುಂದೆ ಹಿಡಿದರು, ಮಣ್ಣು ಮೆತ್ತಿದ ಬೆರಳು, ತೇವದ ಬೆರಳು, ಇಳಿಯದ ಬೆರಳು, ಅದರ ತುದಿಯಲ್ಲಿ ಸಂಜೆಯ ಬೆಳಕಿಗೆ ಹೊಳೆಯುವ ಒದ್ದೆ ಮಣ್ಣು, ಆ ಬೆರಳು ಮಗಳ ಕೈಯ ಜಗ್ಗಿನ ಕಡೆ ತಿರುಗಿ ಬೇಡ ಬೇಡವೆಂದು ಆಡಿತು.