ಭಾವನ ಎಂಜಿನ್

ಬೀದಿಯವರು ಅವನಿಗೆ ಪೈಲಟ್ ಎಂದು ಹೆಸರಿಟ್ಟಿದ್ದು ಗೌರವ ಉಕ್ಕಿ ಅಲ್ಲ. ತನ್ನ ಕನ್ನಡಕದಂಗಡಿಯ ಹಿಂದಿನ ಶೆಡ್ಡಿನಲ್ಲಿ ಒಬ್ಬ ಮನುಷ್ಯ ವರ್ಷಗಟ್ಟಲೆ ವಿಮಾನ ಕಟ್ಟುತ್ತ ಕೂತರೆ, ಆ ವಿಮಾನ ಒಂದು ದಿನವೂ ಬಾಗಿಲು ದಾಟದಿದ್ದರೆ, ಜನ ಇನ್ನೇನಂದಾರು? ಕಣ್ಣು ಪರೀಕ್ಷೆಗೆ ಬಂದವರು ಎದ್ದು ಹೋಗುವಾಗ, "ನನಗೊಂದು ಕಿಟಕಿ ಸೀಟು ಹಿಡಿದಿಡಿ" ಎಂದು ಹಲ್ಲು ಕಿರಿಯುತ್ತಿದ್ದರು. ಅವನೂ ಜೊತೆಗೆ ನಗುತ್ತಿದ್ದ. ಅದರಲ್ಲಿದ್ದದ್ದು ಎರಡು ಸೀಟು, ಕಿಟಕಿ ಇರಲೇ ಇಲ್ಲ.

ರೆಕ್ಕೆ ಮುಗಿದಿತ್ತು, ಬಾಲ ಮುಗಿದಿತ್ತು, ಬಟ್ಟೆ ಹೊದಿಸಿ ಬಣ್ಣವನ್ನೂ ಹೊಡೆದಾಗಿತ್ತು. ಮೂತಿ ಮಾತ್ರ ಬೋಳು. ಎಂಜಿನ್ ಹೊಸದು ಹಾಕಲೋ ಹಳೆಯದು ಹಾಕಲೋ ಎಂದು ಮೀನಮೇಷ ಎಣಿಸುವುದರಲ್ಲೇ ಅವನ ತಲೆಗೂದಲು ಅರ್ಧ ಉದುರಿತ್ತು. ಹೆಂಡತಿ ಈ ವಿಷಯದಲ್ಲಿ ಬಾಯಿ ಹಾಕುವುದನ್ನು ಎಂದೋ ಬಿಟ್ಟಿದ್ದಳು.

ಹಳೆಯದೆಂದರೆ ಭಾವನದು, ಅಂದರೆ ಅಕ್ಕನ ಗಂಡನದು. ಭಾವನಿಗೆ ಸ್ವಂತ ಪುಟ್ಟ ವಿಮಾನವಿತ್ತು, ಪೈಲಟ್‌ಗೆ ಹಾರಾಟದ ಹುಚ್ಚು ಹಿಡಿಸಿದವನೂ ಅವನೇ. ಒಂದು ಬಿರುಗಾಳಿಗೆ ಅದನ್ನಿಟ್ಟಿದ್ದ ಶೆಡ್ಡಿನ ಚಾವಣಿ ಕುಸಿದು ವಿಮಾನ ಅಪ್ಪಚ್ಚಿಯಾಯಿತು. ಎಂಜಿನ್ನಿಗೂ ಅದರ ಪಂಖಕ್ಕೂ ಮಾತ್ರ ಒಂದು ಗೀರೂ ಆಗಲಿಲ್ಲ. ಭಾವ ಅದನ್ನು ಬಿಚ್ಚಿ ತಂದು, ಮನೆಯ ಹಿಂದಿನ ಕೋಣೆಯಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿ, ತುಕ್ಕು ಹಿಡಿಯದಂತೆ ಒಳಗೆಲ್ಲ ಮಂದ ಎಣ್ಣೆ ತುಂಬಿಸಿ, ಪಂಖವನ್ನೂ ಜೋಡಿಸಿಟ್ಟ. ಆಮೇಲೆ ಸ್ವಲ್ಪ ದಿನಕ್ಕೇ ಅವನಿಗೆ ಪಾರ್ಶ್ವವಾಯು ಹೊಡೆದು, ಮಾತೂ ನಡಿಗೆಯೂ ಒಟ್ಟಿಗೇ ಹೋದವು. ಸಾಯುವವರೆಗೂ ಹಾಸಿಗೆಯ ಮೇಲೆಯೇ ಇದ್ದ.

"ಆ ಎಂಜಿನ್ ನೀನೇ ತಗೊಂಡು ಹೋಗು" ಎಂದು ಅಕ್ಕ ಆಗಲೇ ಹೇಳಿದ್ದಳು. ಇವನು ಮೂಗು ಮುರಿದಿದ್ದ. "ಬೇರೆಯವರು ಹಾಕಿ ಬಿಟ್ಟ ಕನ್ನಡಕನ ನಾನು ಯಾರ ಮೂಗಿಗೂ ಏರಿಸಿಲ್ಲ ಅಕ್ಕ. ಎಂಜಿನ್ ಏರಿಸ್ತೀನಾ?" ಎಂದಿದ್ದ. ಹೊಸದೇ ಬೇಕು, ಪೆಟ್ಟಿಗೆ ಒಡೆದು ತಾನೇ ಹೊರತೆಗೆಯಬೇಕು ಎಂಬುದು ಅವನ ಜಂಬ. ಆ ಜಂಬಕ್ಕೆ ಅಷ್ಟು ವರ್ಷ ಹೋದವು.

ಒಂದು ಸಂಜೆ ಅಂಗಡಿಯ ಬಾಗಿಲೆಳೆದ ಮೇಲೆ, ಕಣ್ಣಿನ ಪರೀಕ್ಷೆಗೆಂದು ಹೊಸದಾಗಿ ತರಿಸಿದ ಯಂತ್ರ ಸರಿಯಾಗಿ ಓಡುತ್ತದೋ ಇಲ್ಲವೋ ನೋಡೋಣವೆಂದು ತಾನೇ ಅದರ ಮುಂದೆ ಗದ್ದವಿಟ್ಟು ಕೂತ. ಬಿಳಿ ಬೋಗುಣಿಯಂಥ ಪರದೆಯಲ್ಲಿ ಅಲ್ಲೊಂದು ಇಲ್ಲೊಂದು ಬೆಳಕಿನ ಚುಕ್ಕಿ ಮಿನುಗುತ್ತದೆ, ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಒತ್ತಿದ. ಕಾಗದ ಹೊರಬಂದಾಗ ಎರಡೂ ಕಣ್ಣಿನ ನೋಟದ ಅಂಚು ಕಪ್ಪಗಿತ್ತು. ಯಂತ್ರವೇ ಕೆಟ್ಟಿದೆ ಎಂದು ಬೈದು ಇನ್ನೊಮ್ಮೆ ಕೂತ, ಮತ್ತೂ ಒಮ್ಮೆ ಕೂತ. ಕಪ್ಪು ಅಲ್ಲೇ ಇತ್ತು. ಹೋದ ನೋಟ ಮರಳುವುದಿಲ್ಲ, ಇರುವುದನ್ನು ಉಳಿಸಿಕೊಳ್ಳೋಣ ಎಂದು ಎಷ್ಟು ಜನರಿಗೆ ಮೆತ್ತಗೆ ಹೇಳಿದ್ದನೋ. ಅದೇ ಮಾತನ್ನು ತನಗೆ ತಾನು ಹೇಳಿಕೊಳ್ಳಲು ಅವನಿಗೆ ಬಾಯಿ ಬರಲಿಲ್ಲ. ಹೆಂಡತಿಗೂ ಹೇಳಲಿಲ್ಲ.

ಅವನ ಹಾರುವ ಲೈಸೆನ್ಸಿನ ವೈದ್ಯಕೀಯ ತಪಾಸಣೆ ಮುಂದಿನ ಬೇಸಿಗೆಗೆ. ಅಲ್ಲಿ ಸಿಕ್ಕಿಬೀಳುವುದು ಖಂಡಿತ. ಹೊಸ ಎಂಜಿನ್ನಿನ ಕಂಪನಿಗೆ ಫೋನು ಮಾಡಿದರೆ, ಆರ್ಡರು ಕೊಟ್ಟ ಮೇಲೆ ಎರಡು ವರ್ಷ ಕಾಯಬೇಕೆಂದರು. ಅಲ್ಲಿಗೆ ಮೀನವೂ ಇಲ್ಲ, ಮೇಷವೂ ಇಲ್ಲ. ಒಂದೇ ಒಂದು ಸಲ, ತಾನು ಕಟ್ಟಿದ್ದರಲ್ಲಿ ತಾನು ಕೂತು ನೆಲ ಬಿಟ್ಟು ಏಳಬೇಕೆಂದಿದ್ದರೆ ಭಾವನ ಎಂಜಿನ್ನೇ ಗತಿ. ಮುಂದಿನ ಭಾನುವಾರವೇ ಮೆಕ್ಯಾನಿಕ್ಕನ್ನು ಕರೆದುಕೊಂಡು ಅಕ್ಕನ ಮನೆಗೆ ಹೋದ.

ಅಕ್ಕ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಎಂಜಿನ್ನಿನ ಮೇಲೆ ಬಿಳಿ ಹಾಸು ಹೊದಿಸಿ, ವಾರ್ಡಿನ ಮಂಚಕ್ಕೆ ಮಾಡುವಂತೆ ಮೂಲೆಗಳನ್ನು ಮಡಿಸಿ ಸಿಕ್ಕಿಸಿದ್ದಳು. "ಒಂದು ಚೂರು ಧೂಳು ಕೂರೋಕೆ ಬಿಟ್ಟಿಲ್ಲ, ನೋಡ್ಕೊಳ್ಳಿ" ಎಂದು ಹೇಳಿ ಚಹಾ ಮಾಡಲು ಒಳಗೆ ಹೋದಳು.

ಮೆಕ್ಯಾನಿಕ್ ಒಂದು ಸಿಲಿಂಡರ್ ಬಿಚ್ಚಿ ಪಕ್ಕಕ್ಕಿಟ್ಟು ಟಾರ್ಚು ಹಿಡಿದ. ಬಾಯಲ್ಲಿ ಶಿಳ್ಳೆ ಹಾಕುತ್ತಿದ್ದವನು ನಿಲ್ಲಿಸಿದ.

"ಸಾರ್, ಯಾರು ಇದನ್ನ ಕೈಯಲ್ಲಿ ತಿರುಗಿಸಿದ್ದು?"

"ಯಾಕೆ?"

"ಒಳಗೆ ಬೆರಳು ಹಾಕಿ ನೋಡಿ. ಅದು ವಾಲ್ವ್ ಎತ್ತೋ ದಂಡ, ಕ್ಯಾಮ್‌ಶಾಫ್ಟು."

ಪೈಲಟ್ ಬೆರಳು ತೂರಿಸಿದ. ಕನ್ನಡಿಯಂತೆ ನುಣ್ಣಗಿರಬೇಕಾದ ಉಕ್ಕು ಬೆರಳ ತುದಿಗೆ ತರಿತರಿಯಾಗಿ ಹತ್ತಿತು. ಅಲ್ಲಲ್ಲಿ ಗುಳಿ ಬಿದ್ದಿತ್ತು.

"ಎಣ್ಣೆ ತುಂಬಿ ಇಟ್ಟಿದಾರೆ, ಒಳ್ಳೆ ಕೆಲಸನೇ" ಎಂದ ಮೆಕ್ಯಾನಿಕ್. "ಹಾಗೇ ಬಿಟ್ಟಿದ್ರೆ ಇನ್ನೂ ಹತ್ತು ವರ್ಷ ಇರೋದು. ಕೈಯಲ್ಲಿ ತಿರುಗಿಸಿದ್ರೆ ಹೊಸ ಎಣ್ಣೆ ಮೇಲಕ್ಕೆ ಬರಲ್ಲ ಸಾರ್, ಇದ್ದ ಪದರಾನೂ ಒರೆಸಿ ಹೋಗತ್ತೆ. ತುಕ್ಕು ಹಿಡಿಯತ್ತೆ, ಮತ್ತೆ ತಿರುಗಿಸಿದ್ರೆ ಉಜ್ಜತ್ತೆ. ಇದು ಒಂದು ಸಲ ಎರಡು ಸಲದ್ದಲ್ಲ."

"ಬೇರೆ ದಂಡ ಹಾಕೋಕಾಗಲ್ವಾ?"

"ಪೂರ್ತಿ ಬಿಚ್ಚಬೇಕು. ಅದೂ ಅದೇ ಕಂಪನಿಯಿಂದ ಬರಬೇಕು, ಅದೇ ಕ್ಯೂ."

"ಹೀಗೇ ಹಾಕಿದ್ರೆ?"

"ಏರತ್ತೆ ಸಾರ್. ಎಲ್ಲಿ ಇಳಿಸಬೇಕು ಅನ್ನೋದನ್ನ ಮಾತ್ರ ಅದೇ ತೀರ್ಮಾನ ಮಾಡತ್ತೆ."

ಅಷ್ಟರಲ್ಲಿ ಅಕ್ಕ ತಟ್ಟೆಯಲ್ಲಿ ಲೋಟಗಳನ್ನಿಟ್ಟುಕೊಂಡು ಬಂದಳು. ಮಾತಿನ ಬಾಲ ಅವಳ ಕಿವಿಗೆ ಬಿದ್ದಿತ್ತು. "ತಿರುಗಿಸೋದಾ? ಒಂದು ಭಾನುವಾರನೂ ತಪ್ಪಿಸಿಲ್ಲಪ್ಪ. ಒಂದೇ ಮಗ್ಗುಲಲ್ಲಿ ಬಿಟ್ರೆ ಮನುಷ್ಯರಿಗೇ ಹುಣ್ಣಾಗತ್ತೆ, ಇನ್ನು ಇದನ್ನ ಬಿಡ್ತೀನಾ? ನಿಮ್ಮ ಭಾವನ್ನ ಮಗ್ಗುಲಾಗಿಸಿ, ಬೆನ್ನು ಒರೆಸಿ, ಪೌಡರ್ ಹಾಕಿ, ಆಮೇಲೆ ಇಲ್ಲಿಗೆ ಬಂದು ಈ ಪಂಖ ಹಿಡಿದು ನಾಲ್ಕು ಸುತ್ತು. ಗಕ್ ಅನ್ನೋ ಸದ್ದು ಅವರಿಗೆ ಮಂಚದವರೆಗೂ ಕೇಳ್ತಿತ್ತು."

ತಟ್ಟೆಯನ್ನು ಕೈಯಲ್ಲೇ ಹಿಡಿದು ನಕ್ಕಳು. "ಏನು ಸಂತೋಷ ಅಂತೀಯ ಅವರಿಗೆ! ಸದ್ದು ಕೇಳಿದ ಕೂಡ್ಲೆ ಆ ಒಂದು ಕೈ ಬೀಸೋರು, ಊಂ ಊಂ ಅನ್ನೋರು, ಕಣ್ಣಲ್ಲಿ ನೀರು ಹರಿಯೋದು. ಇನ್ನೂ ನಾಲ್ಕು ಸುತ್ತು ಅಂತಿದಾರೆ ಅಂತ ನಾನು ಮತ್ತೆ ಬಂದು ತಿರುಗಿಸ್ತಿದ್ದೆ."

ಪೈಲಟ್‌ಗೆ ಆಗ ಹೊಳೆಯಿತು. ಭಾವ ಬೇಡ ಎನ್ನುತ್ತಿದ್ದ. ಪ್ರತಿ ಭಾನುವಾರ, ಗೋಡೆಯಾಚೆ ತನ್ನ ಎಂಜಿನ್ ಹಾಳಾಗುವ ಸದ್ದು ಕೇಳುತ್ತ, ನಿಲ್ಲಿಸು, ನಿಲ್ಲಿಸು ಎಂದು ಕೈ ಬೀಸುತ್ತಿದ್ದ. ಇವಳು ಪ್ರೀತಿಯಿಂದ ಮತ್ತೆ ನಾಲ್ಕು ಸುತ್ತು ಸೇರಿಸುತ್ತಿದ್ದಳು.

"ಕೊನೇವರೆಗೂ ಅವರ ಮೈಮೇಲೆ ಒಂದು ಹುಣ್ಣಾಗಲಿಲ್ಲ ಕಣೋ" ಎಂದಳು ಅಕ್ಕ. "ಡಾಕ್ಟರೇ ಬೆರಗಾದ್ರು. ಇದೂ ಹಾಗೇ ಇದೆ ತಾನೆ?"

ಮೆಕ್ಯಾನಿಕ್ ಬಾಯಿ ತೆರೆದ. ಪೈಲಟ್ ಅವನ ಕಾಲು ತುಳಿದ.

"ಚಿನ್ನದ ಹಾಗಿದೆ ಅಕ್ಕ."

"ಮತ್ತೆ ನಿನ್ನ ಮುಖ ಯಾಕೆ ಹೀಗೆ ಬಿಳಚಿಕೊಂಡಿದೆ?"

ಜೀವನವಿಡೀ ರೋಗಿಗಳ ಮುಖ ನೋಡಿದವಳ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ. ಕಾರಣ ಬೇಕಿತ್ತು, ನಿಜವಾದ ಕಾರಣವೇ ಬೇಕಿತ್ತು. ಅವನ ಬಳಿ ಇದ್ದದ್ದು ಒಂದೇ. ಅದನ್ನು ಅಕ್ಕನಿಗೆ ಹೇಳಿದರೆ ಬೇಸಿಗೆಯವರೆಗೂ ಕಾಯುವ ಮಾತಿಲ್ಲ, ಅವಳು ನಾಳೆಯೇ ಕೈಹಿಡಿದು ಡಾಕ್ಟರ ಮುಂದೆ ಕೂರಿಸುತ್ತಾಳೆ, ಲೈಸೆನ್ಸು ಅಲ್ಲಿಗೇ ಮುಗಿಯುತ್ತದೆ ಎಂದು ಗೊತ್ತಿತ್ತು.

"ಎಂಜಿನ್ನಿಗೆ ಏನೂ ಆಗಿಲ್ಲ. ನನ್ನ ಕಣ್ಣು ಹೋಗ್ತಿದೆ ಅಕ್ಕ. ನಾನು ಹಾರೋ ಹಾಗಿಲ್ಲ."

ಅಕ್ಕ ತಟ್ಟೆ ಕೆಳಗಿಟ್ಟಳು. ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ನೇರ ನೋಡು ಎಂದು, ತನ್ನ ಬೆರಳನ್ನು ಅವನ ಕಿವಿಯ ಕಡೆಯಿಂದ ಮುಂದಕ್ಕೆ ತಂದಳು. "ಕಾಣಿಸಿದ ತಕ್ಷಣ ಹೇಳು." ಬೆರಳು ಕೆನ್ನೆ ದಾಟಿ ಬರುವವರೆಗೂ ಅವನು ಹೇಳಲಿಲ್ಲ. ಅವಳು ಅವನ ತಲೆಯನ್ನು ಸೆರಗಿಗೆ ಒತ್ತಿಕೊಂಡಳು. ಮೆಕ್ಯಾನಿಕ್ ತಲೆ ತಗ್ಗಿಸಿ ಸಿಲಿಂಡರನ್ನು ಇದ್ದ ಹಾಗೇ ಜೋಡಿಸತೊಡಗಿದ.

ಹಾರದಿದ್ದರೇನು, ಎಂಜಿನ್ ಅದರ ಜಾಗದಲ್ಲಿರಲಿ ಎಂದು ಹಟ ಹಿಡಿದು ಅಕ್ಕನೇ ಅದನ್ನು ಶೆಡ್ಡಿಗೆ ಕಳಿಸಿದಳು. ಬೋಳು ಮೂತಿ ತುಂಬಿತು. ಬೀದಿಯವರು ಬಂದು ನೋಡಿ, ಚೆನ್ನಾಗಿದೆ ಎಂದು ಮೆಲ್ಲಗೆ ಹೇಳಿ ಹೋದರು. ಕಿಟಕಿ ಸೀಟು ಯಾರೂ ಕೇಳಲಿಲ್ಲ. ಕಣ್ಣಿನ ಸುದ್ದಿ ಅಷ್ಟು ಹೊತ್ತಿಗೆ ಎಲ್ಲರಿಗೂ ಮುಟ್ಟಿತ್ತು. ಅವರು ಹಲ್ಲು ಕಿರಿಯುತ್ತಿದ್ದ ದಿನಗಳೇ ವಾಸಿ ಎನಿಸಿತು ಅವನಿಗೆ.

ಈಗ ಅಕ್ಕ ಭಾನುವಾರ ಇಲ್ಲಿಗೇ ಬರುತ್ತಾಳೆ. ಅವನ ಕಣ್ಣಿಗೆ ತಾನೇ ಔಷಧಿ ಬಿಟ್ಟು, ಕೈ ಒರೆಸಿಕೊಂಡು ಪಂಖದ ಹತ್ತಿರ ಹೋಗುತ್ತಾಳೆ.

"ಬಾ, ನನಗೆ ಮೊದಲಿನ ಹಾಗೆ ಶಕ್ತಿ ಇಲ್ಲ. ನೀನೂ ಒಂದು ಕೈ ಹಾಕು."

ಅವನು ತಡವರಿಸಿಕೊಂಡು ಬಂದು ಕೈ ಹಾಕುತ್ತಾನೆ. ಒಳಗಿನಿಂದ ಗಕ್ ಎನ್ನುತ್ತದೆ.

"ಕೇಳಿದ್ಯಾ? ಎಷ್ಟು ಆರೋಗ್ಯವಾಗಿದೆ!"

"ಹೂಂ ಅಕ್ಕ" ಎನ್ನುತ್ತಾನೆ. ಇನ್ನೂ ನಾಲ್ಕು ಸುತ್ತು ತಿರುಗಿಸುತ್ತಾನೆ.